ಮಗು ಮೂರು ತಿಂಗಳಲ್ಲಿ ಕುಳ್ಳಾಯಿತೇ? ದೂರದಿಂದ ನೆರವು ಕೊಡುವವರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಸಂಸ್ಥೆಯೊಂದರ ಮೂಲಕ ದೂರದ ಹಳ್ಳಿಯ ಏಳು ವರ್ಷದ ಹುಡುಗಿಯೊಬ್ಬಳ ಖರ್ಚಿಗೆ ತಿಂಗಳಾ ಹಣ ಕಳಿಸುತ್ತೇನೆ. ಮೂರು ತಿಂಗಳಿಗೊಮ್ಮೆ ವರದಿ ಬರುತ್ತದೆ. ಹೋದ ಸಲ ಎತ್ತರ 111 ಸೆಂ.ಮೀ. ಇತ್ತು, ಈ ಸಲ 110.4. ತೋಳಿನ ಸುತ್ತಳತೆ 15 ಸೆಂ.ಮೀ., ಪಕ್ಕದಲ್ಲಿ ‘ಹಸಿರು’ ಅಂತ ಬರೆದಿದ್ದಾರೆ. ಹಸಿರು ಅಂದರೆ ಚಿಂತೆ ಬೇಡ ಅಂತಲೇ? ಎತ್ತರ ಹೇಗೆ ಇಳಿಯಿತು?

ಉತ್ತರ (ಮಕ್ಕಳ ತಜ್ಞರು): ಎತ್ತರ ಇಳಿದಿಲ್ಲ, ಅಳತೆ ತಪ್ಪಿದೆ. ಈ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತದೆ, ಅಂದರೆ ಮೂರು ತಿಂಗಳಿಗೆ ಒಂದೂವರೆ ಸೆಂ.ಮೀ. ಆಸುಪಾಸು. ಒಮ್ಮೆ ಚಪ್ಪಲಿ ಹಾಕಿಸಿ, ಇನ್ನೊಮ್ಮೆ ಬರಿಗಾಲಲ್ಲಿ ಅಳೆದರೆ ಅಷ್ಟೂ ಬೆಳವಣಿಗೆ ಅಲ್ಲೇ ಮುಳುಗಿಹೋಯಿತು. ಬೆನ್ನುಮೂಳೆ ದಿನವಿಡೀ ಒತ್ತಿಕೊಳ್ಳುವುದರಿಂದ ಸಂಜೆಯ ಅಳತೆ ಬೆಳಗಿನದಕ್ಕಿಂತ ಒಂದು ಸೆಂ.ಮೀ.ವರೆಗೂ ಕಡಿಮೆ ಬರಬಹುದು. ಬರಿಗಾಲು, ಹಿಮ್ಮಡಿ, ಪೃಷ್ಠ, ಭುಜ ಹಲಗೆಗೆ ತಾಗಿರಬೇಕು, ನೋಟ ನೇರ, ಜಡೆ ಬಿಚ್ಚಿರಬೇಕು. ಎರಡು ಸಲ ಅಳೆದು ಸರಾಸರಿ ಬರೆಯಬೇಕು. ಗೋಡೆಗೆ ಅಂಟಿಸಿದ ಟೇಪಿನ ಮೇಲೆ ಸ್ಕೇಲು ಅಡ್ಡ ಇಟ್ಟು ಅಳೆಯುವ ಕಡೆ ಇಂಥ ಅಂಕಿಗಳು ಮಾಮೂಲು. ಮೂರು ತಿಂಗಳ ಅಂಕಿಗೆ ತಲೆ ಕೆಡಿಸಿಕೊಳ್ಳದೆ ಆರು ತಿಂಗಳು ಅಥವಾ ವರ್ಷದ ಅಂತರ ನೋಡಿ.

ಇನ್ನು ‘ಹಸಿರು’. ತೋಳಿಗೆ ಸುತ್ತಿ ಅಳೆಯುವ ಆ ಬಣ್ಣದ ಪಟ್ಟಿ ಇರುವುದು 6ರಿಂದ 59 ತಿಂಗಳ ಮಕ್ಕಳಿಗೆ. 11.5 ಸೆಂ.ಮೀ.ಗಿಂತ ಕೆಳಗಿದ್ದರೆ ಕೆಂಪು (ತೀವ್ರ ಅಪೌಷ್ಟಿಕತೆ), 12.5ರವರೆಗೆ ಹಳದಿ, ಮೇಲೆ ಹಸಿರು. ಏಳು ವರ್ಷದ ಮಗುವಿನ ತೋಳು ಸಾಕಷ್ಟು ಸೊರಗಿದ್ದರೂ ಈ ಪಟ್ಟಿ ಹಸಿರನ್ನೇ ತೋರಿಸುತ್ತದೆ. ಇವಳ ವಯಸ್ಸಿಗೆ ನೋಡಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಬೆಳವಣಿಗೆ ಕೋಷ್ಟಕ. ಅದರಲ್ಲಿ ಏಳು ತುಂಬಿದ ಹುಡುಗಿಯ ಮಧ್ಯದ ಎತ್ತರ ಸುಮಾರು 121 ಸೆಂ.ಮೀ.; 110ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಎನ್ನುತ್ತೇವೆ. ನಿಮ್ಮ ಹುಡುಗಿ ಗೆರೆಯ ಮೇಲೇ ನಿಂತಿದ್ದಾಳೆ.

ಜನ್ಮದಿನ ಜನವರಿ 1 ಅಂತಿದೆಯೇ ನೋಡಿ. ಇದ್ದರೆ ಅದು ಬಹುಶಃ ಅಂದಾಜಿನ ವಯಸ್ಸು. ಅವಳಿಗೆ ನಿಜಕ್ಕೂ ಏಳೂವರೆ ಆಗಿದ್ದರೆ, ಆ ವಯಸ್ಸಿಗೆ ಗೆರೆಯೇ ಇನ್ನೂ ಮೇಲಿರುವುದರಿಂದ, ಅದೇ 110.4 ಗೆರೆಯ ಕೆಳಗೆ ಬೀಳುತ್ತದೆ.

ಪ್ರಶ್ನೆ: ಹಾಗಾದರೆ ಪೌಷ್ಟಿಕ ಆಹಾರಕ್ಕೆ ಅಂತ ಹೆಚ್ಚು ಹಣ ಕಳಿಸಿದರೆ ಎತ್ತರ ಸರಿಹೋಗುತ್ತದೆಯೇ?

ಉತ್ತರ (ಮಕ್ಕಳ ತಜ್ಞರು): ಪೂರ್ತಿ ಸರಿಹೋಗುವುದು ಕಷ್ಟ. ಎತ್ತರದ ನಷ್ಟ ಬಹುಪಾಲು ಆಗಿಹೋಗುವುದು ಗರ್ಭದಿಂದ ಎರಡು ವರ್ಷದೊಳಗಿನ ಮೊದಲ ಸಾವಿರ ದಿನಗಳಲ್ಲಿ. ಏಳರಲ್ಲಿ ಊಟ ಸುಧಾರಿಸಿದರೆ ತೂಕ, ರಕ್ತ, ಪಾಠದ ಗಮನ ಸುಧಾರಿಸುತ್ತವೆ, ಅದೇನು ಸಣ್ಣ ಲಾಭವಲ್ಲ. ಆದರೆ ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ಆ ಮನೆಯಲ್ಲಿ ಎರಡು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದಾರೆಯೇ? ತಾಯಿ ಬಸುರಿಯೇ? ನಿಮ್ಮ ಹಣ ಎತ್ತರವನ್ನು ಉಳಿಸಬಲ್ಲದು ಆ ಕೂಸಿನಲ್ಲಿ. ಬಣ್ಣದ ಪಟ್ಟಿಯ ನಿಜವಾದ ಕೆಲಸವೂ ಅಲ್ಲೇ.

ಜಂತುಹುಳುವಿನ ಮಾತ್ರೆಯ ಬಗ್ಗೆಯೂ ಕೇಳಿ. ಅಲ್ಬೆಂಡಜೋಲ್ 400 ಮಿ.ಗ್ರಾಂ. ಒಂದೇ ಡೋಸು, ಹಾವಳಿ ಹೆಚ್ಚಿರುವ ಕಡೆ ವರ್ಷಕ್ಕೆ ಎರಡು ಸಲ. ಕೀನ್ಯಾದ ಶಾಲೆಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಚಿಕಿತ್ಸೆಯಿಂದ ಗೈರುಹಾಜರಿ ಕಾಲು ಭಾಗದಷ್ಟು ಇಳಿದಿತ್ತು. ಆಮೇಲೆ ಆ ಲೆಕ್ಕದ ಬಗ್ಗೆ ತಕರಾರೂ ಎದ್ದಿತು ಅನ್ನಿ. ಆದರೂ ಮಾತ್ರೆ ಅಗ್ಗ, ಕೇಳುವುದರಲ್ಲಿ ನಷ್ಟವಿಲ್ಲ.

ಪ್ರಶ್ನೆ: ವರದಿಯಲ್ಲಿ ‘ಶಾಲೆಗೆ ಹೋಗುತ್ತಿದ್ದಾಳೆ’ ಅಂತ ಒಂದೇ ಸಾಲು ಇರುತ್ತದೆ. ಅಷ್ಟು ಸಾಕೇ? ಹುಟ್ಟುಹಬ್ಬಕ್ಕೆ ಒಂದು ಟ್ಯಾಬ್ಲೆಟ್ ಕಳಿಸೋಣ ಅಂತಲೂ ಇದೆ.

ಉತ್ತರ (ಮಕ್ಕಳ ಯೋಜನೆಯ ಫೀಲ್ಡ್ ಆಫೀಸರ್): ಸಾಲದು. ದಾಖಲಾತಿ ಬೇರೆ, ಹಾಜರಿ ಬೇರೆ. ತಿಂಗಳುವಾರು ಹಾಜರಿಯ ದಿನಗಳನ್ನು ಕೇಳಿ. ವರ್ಷದ ಸರಾಸರಿ ಚೆನ್ನಾಗಿದ್ದರೂ ಬಿತ್ತನೆಗೆ, ಕೊಯ್ಲಿಗೆ ಹಾಜರಿ ಕುಸಿದಿದ್ದರೆ ಮಗು ಹೊಲದಲ್ಲಿದೆ, ಇಲ್ಲವೇ ಮನೆಯಲ್ಲಿ ಕೂಸು ಆಡಿಸುತ್ತಿದೆ ಅಂತ ಅರ್ಥ. ಜೊತೆಗೆ ಕೆಳಗಿನ ತರಗತಿಯ ಪುಸ್ತಕದ ನಾಲ್ಕು ಸಾಲು ತಡವರಿಸದೆ ಓದುತ್ತಾಳಾ ಅಂತ ಕೇಳಿ. ಐದನೇ ತರಗತಿ ದಾಟಿಯೂ ಓದಲು ಬಾರದ ಮಕ್ಕಳ ವರದಿಯಲ್ಲೂ ಇದೇ ‘ಹೋಗುತ್ತಿದ್ದಾಳೆ’ ಇರುತ್ತದೆ!

ಟ್ಯಾಬ್ಲೆಟ್ ಬೇಡ. ಚಾರ್ಜು ಮಾಡಲು ಕರೆಂಟು ಬೇಕು. ಒಬ್ಬಳಿಗೇ ದುಬಾರಿ ವಸ್ತು ಬಂದರೆ ಓರಗೆಯವರ ಹೊಟ್ಟೆಕಿಚ್ಚು ಒಂದು ಕಡೆ, ಹಸಿವಿನ ತಿಂಗಳಲ್ಲಿ ಅದು ಮಾರಾಟಕ್ಕೆ ಹೋಗುವುದು ಇನ್ನೊಂದು ಕಡೆ. ಮಾರಿದ್ದಕ್ಕೆ ಅಪ್ಪ-ಅಮ್ಮನನ್ನು ದೂರುವಂತೆಯೂ ಇಲ್ಲ. ಅದೇ ಹಣವನ್ನು ಎರಡು ಹೊತ್ತಿಗೆ ಮೀಸಲಿಡಿ: ಹಳೇ ಧಾನ್ಯ ಮುಗಿದು ಹೊಸ ಬೆಳೆ ಕೈಗೆ ಬರುವ ಮುಂಚಿನ ವಾರಗಳು, ಮತ್ತು ಶಾಲೆ ಶುರುವಾಗುವ ತಿಂಗಳು. ಮನೆಯವರು ಸಾಲಕ್ಕೆ ಕೈಯೊಡ್ಡುವುದು, ಮಗುವನ್ನು ಶಾಲೆ ಬಿಡಿಸುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಹಣ ಇಂಥ ದಿನ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬಡ್ಡಿ ಉಳಿಯುತ್ತದೆ.

ಹಣ ನೇರ ಆ ಮನೆಗೆ ಹೋಗುತ್ತದೋ, ಇಡೀ ಊರಿನ ಕೆಲಸಕ್ಕೆ ಸೇರುತ್ತದೋ ಅದನ್ನೂ ಕೇಳಿಟ್ಟುಕೊಳ್ಳಿ. ಎರಡೂ ಪದ್ಧತಿ ಇವೆ. ಫೋಟೋ ಮಾತ್ರ ಒಂದೇ ಮಗುವಿನದು.

ಪ್ರಶ್ನೆ: ಪತ್ರದಲ್ಲಿ ಏನು ಬರೆಯಬಾರದು? ಮುಂದೆ ಎಂದಾದರೂ ನಿಲ್ಲಿಸಬೇಕಾಗಿ ಬಂದರೆ?

ಉತ್ತರ (ಫೀಲ್ಡ್ ಆಫೀಸರ್): ‘ಒಂದು ದಿನ ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ’ ಅನ್ನುವ ಸಾಲು ಬೇಡವೇ ಬೇಡ, ಮಗು ಅದನ್ನು ನಂಬಿ ಕಾಯುತ್ತದೆ. ಮನೆ, ಕಾರು, ಪ್ರವಾಸದ ಚಿತ್ರ ಬೇಡ. ಅವಳ ಫೋಟೋವನ್ನು ಹೆಸರು, ಊರು ಹಾಕಿ ಎಲ್ಲೂ ಹಂಚಬೇಡಿ. ಪತ್ರ ಅನುವಾದವಾಗಿ ಹೋಗುತ್ತದೆ, ಹಾಗಾಗಿ ಐದಾರು ಚಿಕ್ಕ ವಾಕ್ಯ, ಅವಳ ಹಿಂದಿನ ಪತ್ರದಲ್ಲಿದ್ದ ಒಂದು ವಿಷಯದ ಮೇಲೆ ಒಂದು ಪ್ರಶ್ನೆ. ಆಡಿನ ಚಿತ್ರ ಬರೆದಿದ್ದರೆ ಆಡಿನ ಹೆಸರು ಕೇಳಿ.

ನಿಲ್ಲಿಸುವುದಾದರೆ ಆರು ತಿಂಗಳು ಮುಂಚೆ ಸಂಸ್ಥೆಗೆ ತಿಳಿಸಿ, ಶಾಲೆಯ ವರ್ಷ ಮುಗಿಯುವವರೆಗಾದರೂ ಎಳೆಯಿರಿ. ಕೊನೆಯ ಪತ್ರ ತಪ್ಪಿಸಬೇಡಿ. ಅದರಲ್ಲಿ ‘ನಿನ್ನ ತಪ್ಪಿನಿಂದ ಅಲ್ಲ’ ಎಂಬ ಮಾತು ಇರಲಿ. ಕಾರಣ ಹೇಳದಿದ್ದರೆ ಮಕ್ಕಳು ತಾವೇ ಏನೋ ತಪ್ಪು ಮಾಡಿದೆವು ಅಂದುಕೊಳ್ಳುತ್ತಾರೆ.