ಅಪ್‌ಡೇಟ್: ಬಾರಕೂರು, ಮಂಗಳೂರು ರಾಜ್ಯಗಳ ಗಡಿ ನಕ್ಷೆ

ವಿಜಯನಗರ ಕಾಲದ ಬಾರಕೂರು ಮತ್ತು ಮಂಗಳೂರು ರಾಜ್ಯಗಳ (ಅಂದರೆ ಆಗಿನ ಪ್ರಾಂತ್ಯಗಳ) ಗಡಿಯನ್ನು ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಹೇಗೆ ಎಳೆಯುವುದು ಅಂತ ಕೇಳಿದ್ದೆನಲ್ಲ, ಕೆಲಸ ಆಯಿತು. ವೊರೊನಾಯ್ (ಪ್ರತಿ ಜಾಗವನ್ನೂ ಅದಕ್ಕೆ ಹತ್ತಿರದ ಚುಕ್ಕಿಗೆ ಸೇರಿಸಿ ನಕ್ಷೆ ಹಂಚುವ ವಿಧಾನ) ಬಳಸಿ ಅಂತ ಕೆಲವರು ಕೊಟ್ಟ ಸಲಹೆ ಕೈಕೊಟ್ಟಿತು. ಊರೂರ ನಡುವೆ ನೇರ ಗೆರೆ ಎಳೆದು ಅರಬ್ಬಿ ಸಮುದ್ರವನ್ನೂ ಪಾಲು ಮಾಡಿಬಿಟ್ಟಿತು! ಗೆರೆಯೇ ಬೇಡ, ಶಾಸನ ಸಿಕ್ಕ ಊರಿಗೆ ಚುಕ್ಕಿ ಇಟ್ಟು, ಅದು ಹೇಳುವ ರಾಜ್ಯದ ಪ್ರಕಾರ ಬಣ್ಣ ಕೊಡಿ ಅಂದವರೇ ಗೆದ್ದರು. ಆ ಚುಕ್ಕಿಗಳ ಮೇಲೆ ಹೀಟ್‌ಮ್ಯಾಪ್ (ಚುಕ್ಕಿ ದಟ್ಟವಾದಲ್ಲಿ ಬಣ್ಣ ಗಾಢವಾಗುವ ಪದರ) ಹಾಕಿದೆ. ಗಡಿ ಮಸುಕಾಗಿದೆ, ಅದೇ ಸರಿ ಅನ್ನಿಸುತ್ತದೆ.

ಮಜಾ ಅಂದರೆ, ಗದ್ದೆ ದಾನದ ಶಾಸನದಲ್ಲಿ ಮೂಡಲು ತೋಡು, ತೆಂಕಲು ನಟ್ಟ ಕಲ್ಲು ಅಂತ ನಾಲ್ಕೂ ದಿಕ್ಕಿನ ಎಲ್ಲೆ ಇರುತ್ತದೆ. ರಾಜ್ಯದ್ದು ಹಾಗೆ ಎಲ್ಲೂ ಸಿಗಲಿಲ್ಲ.

ಇನ್ನೊಂದು: ಸುಮಾರು ಕಲ್ಲುಗಳು ಈಗ ಮ್ಯೂಸಿಯಂನಲ್ಲಿವೆ. ಚುಕ್ಕಿ ಇಡಬೇಕಾದ್ದು ಅವು ಮೊದಲು ಸಿಕ್ಕ ಜಾಗಕ್ಕೆ.