ಜರಡಿ ಹಿಡಿದ ಕೆಸರಿನಲ್ಲಿ ಮಾತ್ರ ಸತು, ತಾಮ್ರ ಏರುವುದೇಕೆ?

ಪ್ರಶ್ನೆ (ಉಪನ್ಯಾಸಕಿ, ಕೋಲಾರ):
ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆಯ ಕೆಸರು, ಪಚ್ಚಿಲೆ (ಚಿಪ್ಪಿನ ಜೀವಿ) ಎರಡನ್ನೂ ತಂದು ವಿದ್ಯಾರ್ಥಿಗಳೊಂದಿಗೆ ಲೋಹಾಂಶ ಅಳೆಯುತ್ತಿದ್ದೇವೆ. ಹೋಲಿಕೆಗೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಇಲ್ಲಿನ ಕೆರೆಯೊಂದರ ಹೂಳೂ ಇದೆ. ಒಣಗಿಸಿ, ಜರಡಿ ಹಿಡಿದು, ಅಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕಾಯಿಸಿ, ಲೋಹ ಅಳೆಯುವ ಎಎಎಸ್ ಯಂತ್ರದಲ್ಲಿ ಓದುತ್ತೇವೆ. ಜರಡಿ ಹಿಡಿದರೆ ಸತು, ತಾಮ್ರ ಜಿಗಿಯುತ್ತವೆ. ಕ್ರೋಮಿಯಂ, ನಿಕ್ಕಲ್ ಸ್ವಲ್ಪವೇ ಏರುತ್ತವೆ. ಆಮ್ಲದ ಬ್ಲಾಂಕ್ (ಕೆಸರು ಹಾಕದೆ ಓದಿದ ಬರಿಯ ಆಮ್ಲ) ಶುದ್ಧವಾಗಿದೆ. ಅಳಿವೆಯಲ್ಲಿ ಮಾಲಿನ್ಯವಿದೆ ಎಂದು ಬರೆಯಬಹುದೇ?

ಉತ್ತರ (ಚಿಕ್ಕಬಳ್ಳಾಪುರ):
ಈಗಲೇ ಬರೆಯಬೇಡಿ, ಮೇಡಂ. ಕೆರೆಯ ಹೂಳಿನಲ್ಲೂ ಹೀಗೆಯೇ ಆಗುತ್ತಿದೆಯೇ? ಜರಡಿ ಯಾವುದು?

ಕೋಲಾರ:
ಹೌದು, ಅದರಲ್ಲೂ ಹೀಗೆಯೇ. ಸಿವಿಲ್ ವಿಭಾಗದ 75 ಮೈಕ್ರಾನ್ ಜರಡಿ, ಹಿತ್ತಾಳೆಯದು.

ಚಿಕ್ಕಬಳ್ಳಾಪುರ:
ಕಳ್ಳ ಸಿಕ್ಕಿದ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವೇ. ನುಣ್ಣನೆಯ ಕಣಗಳಲ್ಲಿ ಲೋಹ ಹೆಚ್ಚಿರುವುದು ಸಹಜ, ಆದರೆ ಹಾಗಾಗಿದ್ದರೆ ಕ್ರೋಮಿಯಂ, ನಿಕ್ಕಲ್ ಕೂಡ ಜೊತೆಯಲ್ಲೇ ಏರಬೇಕಿತ್ತು. ನಿಮ್ಮ ಬ್ಲಾಂಕ್ ಜರಡಿಯನ್ನು ದಾಟಿಯೇ ಇಲ್ಲ, ಹಾಗಾಗಿ ಅದು ಈ ದೋಷವನ್ನು ಹಿಡಿಯಲಾರದು. ಆಮ್ಲದಲ್ಲಿ ತೊಳೆದ ಸ್ಫಟಿಕದ ಪುಡಿಯನ್ನು ಅದೇ ಜರಡಿಯಲ್ಲಿ ಉಜ್ಜಿ ಓದಿ ನೋಡಿ. ಆಮೇಲೆ 63 ಮೈಕ್ರಾನಿನ ನೈಲಾನ್ ಬಟ್ಟೆಗೆ ಬನ್ನಿ. ಪ್ಲಾಸ್ಟಿಕ್ ಬಳೆಗೆ ಬಿಗಿದರೆ ಸಾಕು.

ಇನ್ನೊಂದು ಮಾತು: ಅಳಿವೆಯ ಮರಳನ್ನೂ ಕೆರೆಯ ಜೇಡಿಯನ್ನೂ ನೇರವಾಗಿ ಹೋಲಿಸಬೇಡಿ. ಕಣದ ಗಾತ್ರದ ವ್ಯತ್ಯಾಸವನ್ನು ಸರಿದೂಗಿಸಲು ಲೋಹದ ಅಂಶವನ್ನು ಜೇಡಿಯ ಜೊತೆಗೇ ಏರಿಳಿಯುವ ಅಲ್ಯೂಮಿನಿಯಂ ಅಥವಾ ಲಿಥಿಯಂ ಅಂಶದಿಂದ ಭಾಗಿಸುತ್ತಾರೆ. ಆದರೆ ಅಕ್ವಾ ರೀಜಿಯಾ ಜೇಡಿಯ ಸಿಲಿಕೇಟನ್ನು ಪೂರ್ತಿ ಕರಗಿಸುವುದಿಲ್ಲ, ಆದ್ದರಿಂದ ಆ ಅಲ್ಯೂಮಿನಿಯಂ ಸಂಖ್ಯೆ ಒಟ್ಟು ಅಂಶವಲ್ಲ. ಹೀಗೆ ಭಾಗಿಸಲು ಕಬ್ಬಿಣವನ್ನು ಕರಾವಳಿಯಲ್ಲಿ ನಾನಂತೂ ನಂಬುವುದಿಲ್ಲ. ಅಲ್ಲಿನ ಮುರಕಲ್ಲಿನಿಂದಲೇ ಅದು ಧಾರಾಳವಾಗಿ ಬರುತ್ತದೆ.

ತುಮಕೂರಿನಿಂದ ಒಬ್ಬರು:
ಪಚ್ಚಿಲೆಯ ಕರುಳು ಖಾಲಿ ಮಾಡಿಸಿದ್ದೀರಾ? ಹೊಟ್ಟೆಯ ಕೆಸರೂ ಅಂಗಾಂಶದ ಲೆಕ್ಕಕ್ಕೆ ಸೇರಿಬಿಡುತ್ತದೆ. ಶುದ್ಧ ಸಮುದ್ರದ ನೀರಿನಲ್ಲಿ ಒಂದು ದಿನ ಜೀವಂತವಾಗಿಡಬೇಕು.

ಕೋಲಾರ:
ಸಮುದ್ರದ ನೀರನ್ನು ಇಲ್ಲಿ ಎಲ್ಲಿಂದ ತರುವುದು, ಸರ್? ಮುಂದಿನ ಬಾರಿ ಅಲ್ಲಿಯೇ ಇಟ್ಟು, ಆಮೇಲೆ ಐಸ್ ಪೆಟ್ಟಿಗೆಗೆ ಹಾಕುತ್ತೇವೆ. ಸ್ಫಟಿಕದ ಪುಡಿ ಓದಿಸಿದೆವು: ಹಿತ್ತಾಳೆ ಜರಡಿ ದಾಟಿದ್ದರಲ್ಲಿ ತಾಮ್ರ, ಸತು ಎರಡೂ ಕಂಡವು, ನೈಲಾನ್ ದಾಟಿದ್ದರಲ್ಲಿ ಎರಡೂ ಇಲ್ಲ. ಉಳಿದಿರುವ ಒಣ ಕೆಸರನ್ನು ಮತ್ತೆ ನೈಲಾನ್‌ನಲ್ಲಿ ಹಿಡಿಯಬಹುದೇ?

ಚಿಕ್ಕಬಳ್ಳಾಪುರ:
ಹಿತ್ತಾಳೆಯನ್ನು ಮುಟ್ಟದೇ ಉಳಿದದ್ದನ್ನು ಮಾತ್ರ.