ಮೂಡಲಪಾಯದ ವಿಡಿಯೊ ಎಂಪಿ4ರಲ್ಲಿದೆ: ವೆಬ್‌ಎಂಗೆ ಬದಲಿಸಲೇಬೇಕೇ?

ಪ್ರಶ್ನೆ (ತಿಪಟೂರಿನಿಂದ)

ನಮಸ್ಕಾರ. ನಮ್ಮ ತಾಲ್ಲೂಕಿನ ಮೂಡಲಪಾಯ ಯಕ್ಷಗಾನ ಮೇಳವೊಂದರ ಆಟವನ್ನು ಕಳೆದ ಜಾತ್ರೆಯಲ್ಲಿ ರಾತ್ರಿಯಿಡೀ ಚಿತ್ರೀಕರಿಸಿಕೊಂಡಿದ್ದೇನೆ. ಮುಖವೀಣೆ ನುಡಿಸುವ ಹಿರಿಯರಿಗೆ ಎಂಬತ್ತು ದಾಟಿದೆ. ಅವರ ನಂತರ ಆ ವಾದ್ಯ ಹಿಡಿಯುವವರು ಮೇಳದಲ್ಲಿ ಯಾರೂ ಇಲ್ಲದ ಕಾರಣ, ಮೇಳದವರ ಒಪ್ಪಿಗೆ ಪಡೆದು ಇದನ್ನು ಎಲ್ಲರಿಗೂ ತೆರೆದಿರುವ ಚಿತ್ರ-ವಿಡಿಯೊ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಬೇಕೆಂದಿದ್ದೇನೆ. ಎಂಪಿ4ಕ್ಕೆ ಪೇಟೆಂಟಿನ ತೊಡಕಿದೆ, ವೆಬ್‌ಎಂ ಎಂಬ ಮುಕ್ತ ವಿಡಿಯೊ ರೂಪಕ್ಕೆ ಬದಲಿಸಿ ಹಾಕಿ ಎಂದು ಸ್ನೇಹಿತರೊಬ್ಬರು ಹೇಳಿದರು. ಕ್ಯಾಮೆರಾ ನನ್ನದು, ಆಟ ಮೇಳದ್ದು. ನಡುವೆ ಪೇಟೆಂಟ್ ಯಾರದು? ನಾನು ಬಳಸುವುದು ಮುಕ್ತ ತಂತ್ರಾಂಶವನ್ನೇ. ಅಲ್ಲದೆ ಭಾರತದಲ್ಲಿ ತಂತ್ರಾಂಶಕ್ಕೆ ಪೇಟೆಂಟ್ ಕೊಡುವುದಿಲ್ಲ ಎಂದು ಓದಿದ ನೆನಪು.

ಉತ್ತರ (ಕೋಲಾರದಿಂದ)

ಎಂಪಿ4 ಎಂಬುದು ಡಬ್ಬಿ ಮಾತ್ರ. ತೊಡಕಿರುವುದು ಅದರೊಳಗೆ ಸಾಮಾನ್ಯವಾಗಿ ಇರುವ, ವಿಡಿಯೊವನ್ನು ಕುಗ್ಗಿಸಿಡುವ ಎಚ್.264 ಎಂಬ ಕೋಡೆಕ್‌ನಲ್ಲಿ. ನಿಮ್ಮ ವಿಡಿಯೊದಲ್ಲಿ ಹಿಂದಿನ ಪರದೆ ಅಲುಗಾಡದೆ ನಿಂತಿದೆ, ಪಾತ್ರಧಾರಿಯ ಕಿರೀಟ ಮಾತ್ರ ಅತ್ತಿತ್ತ ಸರಿಯುತ್ತಿದೆ ಎಂದುಕೊಳ್ಳಿ. ಕೋಡೆಕ್ ಪ್ರತಿ ಸಲವೂ ಇಡೀ ಚಿತ್ರವನ್ನು ಬರೆದಿಡುವುದಿಲ್ಲ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ‘ಈ ಚೌಕ ಮೂರು ಬಿಂದು ಬಲಕ್ಕೆ ಸರಿಯಿತು’ ಎಂದಷ್ಟೇ ಗುರುತು ಹಾಕಿಕೊಳ್ಳುತ್ತದೆ. ಇಂಥ ಹತ್ತಾರು ಉಪಾಯಗಳು ಸೇರಿ 2003ರಲ್ಲಿ ಎಚ್.264 ಆಯಿತು, ಮತ್ತು ಆ ಉಪಾಯಗಳ ಮೇಲೆ ಬೇರೆ ಬೇರೆ ಕಂಪನಿಗಳು ಪೇಟೆಂಟ್ ಪಡೆದಿದ್ದವು.

ಮುದ್ದೆ ಮಾಡುವುದು ಹೇಗೆಂದು ಒಬ್ಬರು ಪುಸ್ತಕ ಬರೆದರೆ ಕೃತಿಸ್ವಾಮ್ಯ ಆ ಬರಹಕ್ಕೆ ಮಾತ್ರ; ನಿಮ್ಮ ಮಾತಿನಲ್ಲಿ ನೀವೂ ಬರೆಯಬಹುದು. ಕೋಲಿನಿಂದ ಗಂಟಿಲ್ಲದಂತೆ ತಿರುವುವ ವಿಧಾನಕ್ಕೇ ಪೇಟೆಂಟ್ ಸಿಕ್ಕಿದ್ದರೆ, ಪುಸ್ತಕವನ್ನು ಕಣ್ಣಿನಿಂದ ನೋಡದವರೂ ಅನುಮತಿಯಿಲ್ಲದೆ ತಿರುವುವಂತಿಲ್ಲ. ಮುಕ್ತ ತಂತ್ರಾಂಶ ಬರೆದವರು ತಮ್ಮ ಬರಹವನ್ನು ಊರಿಗೆ ಹಂಚಬಲ್ಲರೇ ಹೊರತು ಇನ್ನೊಬ್ಬರ ಪೇಟೆಂಟನ್ನಲ್ಲ. 2013ರಲ್ಲಿ ಸಿಸ್ಕೊ ಕಂಪನಿ ಎಚ್.264ಕ್ಕಾಗಿ ಬರೆದ ತನ್ನ ಓಪನ್‌ಎಚ್264 ತಂತ್ರಾಂಶದ ಮೂಲ ಸಂಕೇತವನ್ನು ಬಿಡುಗಡೆ ಮಾಡುವುದಾಗಿ ಹೇಳಿದಾಗಲೂ, ರಾಯಲ್ಟಿ ಕಟ್ಟಲು ಒಪ್ಪಿದ್ದು ತಾನೇ ಸಿದ್ಧಪಡಿಸಿ ಹಂಚುವ ಪ್ರತಿಗೆ ಮಾತ್ರ. ಅದೇ ಸಂಕೇತದಿಂದ ನೀವು ಕಟ್ಟಿಕೊಂಡ ಪ್ರತಿಗೆ ಆ ರಕ್ಷಣೆಯಿಲ್ಲ.

ಉತ್ತರ (ತುಮಕೂರಿನಿಂದ)

ಕಾನೂನಿನ ಬಗ್ಗೆ ನೀವು ಓದಿದ್ದು ಬಹುಮಟ್ಟಿಗೆ ಸರಿ. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನಂತೆ ಗಣಿತದ ವಿಧಾನ, ಅಲ್ಗಾರಿದಮ್ ಮತ್ತು ಕಂಪ್ಯೂಟರ್ ಪ್ರೋಗ್ರಾಂ ‘ತಾನೇ ತಾನಾಗಿ’ (per se, ಅಂದರೆ ಬರೀ ತನ್ನಷ್ಟಕ್ಕೆ) ಪೇಟೆಂಟಿಗೆ ಅರ್ಹವಲ್ಲ. 2004ರ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು, 2005ರಲ್ಲಿ ಸಂಸತ್ತು ಆ ತಿದ್ದುಪಡಿಯನ್ನು ಉಳಿಸಲಿಲ್ಲ. ಆದರೆ ‘ತಾನೇ ತಾನಾಗಿ’ ಎಂಬ ಆ ಪದವೇ ವಕೀಲರಿಗೆ ಸಾಕಷ್ಟು ಕೆಲಸ ಕೊಟ್ಟಿದೆ. ಮೇಲಾಗಿ ಪೇಟೆಂಟ್ ಆಯಾ ದೇಶದ ಮಟ್ಟಿಗಿನದು. ನಮ್ಮ ಕಲಮು ಕಾಮನ್ಸ್‌ನಂಥ ಅಮೆರಿಕದ ಜಾಲತಾಣವನ್ನು ಕಾಯುವುದಿಲ್ಲ.

ಈ ಜಂಜಾಟವೇ ಬೇಡವೆಂದು ಹೊರಟವರ ದಾರಿ ಉದ್ದವಾಗಿದೆ. ಆನ್2 ಕಂಪನಿ ಬಿಟ್ಟುಕೊಟ್ಟ ವಿಪಿ3 ಎಂಬ ಕೋಡೆಕ್‌ನಿಂದ ಥಿಯೋರಾ ಎಂಬ ಮುಕ್ತ ಕೋಡೆಕ್ ಹುಟ್ಟಿತು, ಗುಣಮಟ್ಟದಲ್ಲಿ ಹಿಂದೆ ಬಿತ್ತು. 2010ರಲ್ಲಿ ಗೂಗಲ್ ಆನ್2ವನ್ನು ಕೊಂಡು ವಿಪಿ8 ಕೋಡೆಕ್ ಮತ್ತು ಅದರ ಡಬ್ಬಿಯಾದ ವೆಬ್‌ಎಂ ಅನ್ನು ಮುಕ್ತಗೊಳಿಸಿತು. 2013ರಲ್ಲಿ ವಿಪಿ9 ಬಂತು, 2018ರಲ್ಲಿ ಹಲವು ಕಂಪನಿಗಳ ಒಕ್ಕೂಟದಿಂದ ಎವಿ1. ಹಾಗೆಂದು ಇವು ತಕರಾರಿಲ್ಲದ ಆಸ್ತಿಯೇನಲ್ಲ: ಸಿಸ್ವೆಲ್ ಎಂಬ ಸಂಸ್ಥೆ 2019ರಲ್ಲಿ ವಿಪಿ9 ಮತ್ತು ಎವಿ1 ಎರಡಕ್ಕೂ ಪೇಟೆಂಟ್ ಪರವಾನಗಿ ಪಡೆಯಬೇಕೆಂದು ಮುಂದೆ ಬಂತು.

ಉತ್ತರ (ಚಿಂತಾಮಣಿಯಿಂದ)

ಇಷ್ಟು ಹೆದರಿಸಬೇಕಾಗಿಲ್ಲ. ನೋಡುಗರಿಗೆ ಉಚಿತವಾಗಿರುವ ಅಂತರ್ಜಾಲ ವಿಡಿಯೊಗೆ ರಾಯಲ್ಟಿ ಕೇಳುವುದಿಲ್ಲವೆಂದು ಎಚ್.264ರ ಪರವಾನಗಿ ನೋಡಿಕೊಳ್ಳುತ್ತಿದ್ದ ಎಂಪಿಇಜಿ ಎಲ್‌ಎ 2010ರಲ್ಲೇ ಘೋಷಿಸಿತ್ತು. ಪೇಟೆಂಟಿನ ಆಯಸ್ಸೂ 20 ವರ್ಷ. ಮೊದಲಿನವು ಮುಗಿಯುತ್ತ ಬಂದಿವೆ. ಊರಿನವರ ಫೋನಿಗೆ ಎಂಪಿ4 ಕಳಿಸಿ, ಕಾಮನ್ಸ್‌ಗೆ ವಿಪಿ9 ಇರುವ ವೆಬ್‌ಎಂ ಹಾಕಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಎವಿ1ಕ್ಕೆ ಕೈ ಹಾಕಬೇಡಿ; ನಾನು ಒಂದು ಗಂಟೆಯ ಹರಿಕಥೆಯನ್ನು ಸಂಜೆ ಹಚ್ಚಿಟ್ಟು ಮಲಗಿದೆ, ಬೆಳಿಗ್ಗೆ ನೋಡಿದರೆ ಇನ್ನೂ ಪೀಠಿಕೆಯಲ್ಲೇ ಇತ್ತು. ಮುಖ್ಯವಾಗಿ, ಕ್ಯಾಮೆರಾದ ಮೂಲ ಕಡತವನ್ನು ಅಳಿಸಬೇಡಿ. ಪ್ರತಿ ಸಲ ಬದಲಿಸಿದಾಗಲೂ ಸ್ವಲ್ಪ ಗುಣ ಹೋಗುತ್ತದೆ, ಹೋದದ್ದು ಹಿಂದಿರುಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮೂಲ ಕಡತಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಹಾಕಿಕೊಂಡಿದ್ದೇನೆ, ಒಂದು ಮೇಳದ ಭಾಗವತರ ಮನೆಯಲ್ಲಿರುತ್ತದೆ. ಮುಖವೀಣೆಯ ಹತ್ತು ನಿಮಿಷದ ಭಾಗವನ್ನು ವಿಪಿ9ಗೆ ಈಗ ಬದಲಿಸಲು ಹಚ್ಚಿದ್ದೇನೆ.